ನಿಂತರೆ ನಿಲ್ಲುವ ನೋವು (ಹೃದಯದ ಕಥೆ, ಭಾಗ 6)



ಕಳೆದ ಭಾಗದಲ್ಲಿ ಬಿಪಿ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಿಪಿಗೆ ಸಂಬಂಧಪಟ್ಟವೇ ಅಲ್ಲ. "ಎದೆ ಹತ್ತಿರ ಏನೋ ಆಗುತ್ತೆ ಕಣೇ, ಇದು ಹಾರ್ಟಾ, ಗ್ಯಾಸ್ಟ್ರಿಕ್ಕಾ?" ಅನ್ನುವುದೇ ಪ್ರಶ್ನೆ. ಯಾಕೆ ಅಂತ ನನಗೂ ಗೊತ್ತು. 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಸಾವಿನ ಸುದ್ದಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲು ನಿಂತ ಫೋಟೊಗಳನ್ನು ನೀವೇ ನನಗೆ ಕಳಿಸಿದ್ದಿರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ಆಗ ಅವರಿಗೆ 46 ವರ್ಷ. ಅಂಥ ಸುದ್ದಿ ಬಂದ ವಾರ ಎಲ್ಲರಿಗೂ ಎದೆ ಚುಚ್ಚುತ್ತದೆ. ಎರಡು ತಿಂಗಳು ಕಳೆದರೆ ನಿಜವಾಗಿ ಎದೆ ಹಿಡಿಯುವವರೂ ಸುಮ್ಮನಾಗಿಬಿಡುತ್ತಾರೆ.

ನಮ್ಮ ಮನೆಯಲ್ಲೇ ಎರಡೂ ಥರದವರಿದ್ದಾರೆ. ಒಬ್ಬರು ಚಿಕ್ಕಪ್ಪ, ವಯಸ್ಸು 61. (ಹೆಸರು ಹಾಕದಿದ್ದರೆ ಬರಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ.) ತೋಟದ ಪಂಪ್‌ಹೌಸಿಂದ ಮನೆಗೆ ದಿಬ್ಬ ಹತ್ತುವಾಗ ಅವರಿಗೆ ಎದೆ ನಡುವೆ ಹಿಡಿದುಕೊಂಡಂತೆ ಆಗುತ್ತದೆ. ಹಲಸಿನ ಮರದ ಕೆಳಗೆ ಎರಡು ನಿಮಿಷ ನಿಂತರೆ ಹೋಗುತ್ತದೆ. ಊಟ ಮಾಡಿ ಹತ್ತಿದರೆ ಬೇಗ ಬರುತ್ತದೆ. ಎಂಟು ತಿಂಗಳು ಇದನ್ನು ಗ್ಯಾಸ್ಟ್ರಿಕ್ ಅಂತ ತೀರ್ಮಾನ ಮಾಡಿ ಈನೋ ಕುಡಿದುಕೊಂಡಿದ್ದರು. ಇನ್ನೊಬ್ಬ ನನ್ನ ಸೋದರತ್ತೆಯ ಮೊಮ್ಮಗ, 29 ವರ್ಷ. ಎಡಗಡೆ ಮೊಲೆಯ ಕೆಳಗೆ ಸೂಜಿ ಚುಚ್ಚಿದಂತೆ ಆಗುತ್ತದೆ, ಒಂದೆರಡು ಸೆಕೆಂಡು, ಕೂತಾಗಲೇ. ಜಿಮ್ಮಿಗೆ ಹೋದರೆ ಏನೂ ಆಗುವುದಿಲ್ಲ. ಅವನಿಗೆ ನಾಳೆಯೇ ಆಂಜಿಯೋಗ್ರಾಂ ಬೇಕು.

ನಾನು ನರ್ಸ್, ಡಾಕ್ಟರಲ್ಲ. ಸಾವಿರಾರು ಮೈಲಿ ದೂರದಲ್ಲಿ ಕೂತು ಯಾರ ಎದೆಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ಆದರೆ ಒಂದು ನೋವನ್ನು ಇನ್ನೊಂದರಿಂದ ಬೇರೆ ಮಾಡುವುದನ್ನು ಜನ ಹೇಗೆ ಕಲಿತರು ಅನ್ನುವ ಚರಿತ್ರೆ ಹೇಳಬಲ್ಲೆ. ಅಮೆರಿಕಕ್ಕೆ ಬಂದ ಮೇಲೆ ನಾನು ಮೊದಲು ಅಟ್ಲಾಂಟಾದಲ್ಲಿದ್ದೆ, ಆಮೇಲೆ ನಾರ್ತ್ ಕ್ಯಾರೊಲಿನಾದ ಡರ್ಹಮ್, ಈಗ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್. ಕೆಲಸ ಹುಡುಕಿಕೊಂಡು ಹೋದ ಈ ಮೂರು ಊರುಗಳೂ ಆ ಚರಿತ್ರೆಯೊಳಗಿವೆ ಅನ್ನುವುದು ನನಗೆ ತಿಳಿದದ್ದು ತಡವಾಗಿ.

ಶುರುವಾಗುವುದು ಮಾತ್ರ ಲಂಡನ್ನಿನಲ್ಲಿ. 1768ರ ಜುಲೈ 21ರಂದು ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಒಂದು ಪ್ರಬಂಧ ಓದಿದರು. ನಮ್ಮ ಕಡೆ ಹೈದರಾಲಿ ಇಂಗ್ಲಿಷರ ಜೊತೆ ಮೊದಲನೇ ಮೈಸೂರು ಯುದ್ಧ ಮಾಡುತ್ತಿದ್ದ ಕಾಲ ಅದು. ಇಸಿಜಿ ಇಲ್ಲ, ಎಕ್ಸ್‌ರೇ ಇಲ್ಲ, ಸ್ಟೆತಸ್ಕೋಪ್ ಕೂಡ ಇನ್ನೂ ಹುಟ್ಟಿರಲಿಲ್ಲ. ಹೆಬರ್ಡನ್ ಬಳಿ ಇದ್ದದ್ದು ಕಿವಿ ಮಾತ್ರ. ರೋಗಿಗಳು ಹೇಳಿದ್ದನ್ನೆಲ್ಲ ಕೂತು ಕೇಳಿ, ಬರೆದಿಟ್ಟುಕೊಂಡು, ಅದರಲ್ಲಿ ಒಂದೇ ಕಥೆ ಮತ್ತೆ ಮತ್ತೆ ಬರುವುದನ್ನು ಕಂಡುಕೊಂಡರು. ನಡೆಯುವಾಗ ಬರುವ ಸಂಕಟ, ಅದರಲ್ಲೂ ಏರು ಹತ್ತುವಾಗ, ಉಂಡ ಮೇಲೆ ಇನ್ನೂ ಬೇಗ. ನಿಂತರೆ ತಾನಾಗಿ ಇಳಿಯುತ್ತದೆ. ಈಗ ಮೇಲೆ ಚಿಕ್ಕಪ್ಪನ ಬಗ್ಗೆ ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ.

ಹೆಬರ್ಡನ್ ಇದಕ್ಕೆ ಕೊಟ್ಟ ಹೆಸರು ಆಂಜೈನಾ ಪೆಕ್ಟೋರಿಸ್. ಲ್ಯಾಟಿನ್ ಹೆಸರು, ಎದೆಯನ್ನು ಹಿಸುಕಿದಂತಾಗುವುದು ಅಂತ ಅರ್ಥ. ಗಮನಿಸಿ, ಅವರು "ನೋವು" ಅನ್ನಲಿಲ್ಲ, "ಹಿಸುಕು" ಅಂದರು. ಇದು ಚಿಕ್ಕ ವಿಷಯವಲ್ಲ. ನನ್ನ ವಾರ್ಡಿನಲ್ಲಿ "ಎದೆನೋವು ಇದೆಯಾ?" ಅಂತ ಕೇಳಿದರೆ "ಇಲ್ಲ" ಅನ್ನುವವರೇ ಎಷ್ಟೋ ಜನ. "ಭಾರ ಇದೆಯಾ, ಬಿಗಿಯುತ್ತಾ, ಯಾರೋ ಮೇಲೆ ಕೂತ ಹಾಗೆ ಆಗುತ್ತಾ?" ಅಂತ ಕೇಳಿದರೆ ಆಗ ಬಾಯಿ ಬಿಡುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತುಗಳಿವೆ. ಎದೆ ಹಿಡಿದಂಗೆ, ಬಂಡೆ ಹೇರಿದಂಗೆ, ಉರಿದಂಗೆ, ಗಂಟಲಿಗೆ ಏನೋ ಒತ್ತರಿಸಿ ಬಂದಂಗೆ. ಕೈ ಎಲ್ಲಿ ಹೋಗುತ್ತದೆ ಅಂತಲೂ ನೋಡುತ್ತೇವೆ. ಮುಷ್ಟಿ ಕಟ್ಟಿ ಎದೆ ನಡುವೆ ಇಟ್ಟರೆ ಒಂದು ಅರ್ಥ, ಒಂದೇ ಬೆರಳಲ್ಲಿ "ಇಲ್ಲೇ, ಇಷ್ಟೇ ಜಾಗ" ಅಂತ ತೋರಿಸಿದರೆ ಇನ್ನೊಂದು ಅರ್ಥ. ಮುಷ್ಟಿಯ ಗುರುತಿಗೆ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಎಂಬ ವೈದ್ಯರ ಹೆಸರೇ ಇದೆ. ಎರಡೂ ಕಡೆ ತಪ್ಪುವುದುಂಟು, ಆದರೂ ನೋಡುವುದನ್ನು ಬಿಡುವುದಿಲ್ಲ.

ಇದು ಹೃದಯದ ರಕ್ತನಾಳದಿಂದ ಬರುವುದು ಅಂತ ಹೆಬರ್ಡನ್‌ಗೆ ಗೊತ್ತಿರಲಿಲ್ಲ. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಮತ್ತು ಅವರ ಜೊತೆಗಾರರು ಆಮೇಲೆ ಅದನ್ನು ಊಹಿಸಿದರು. ಕೆಲಸ ಸರಳ. ಹೃದಯವೂ ಒಂದು ಸ್ನಾಯು, ಅದಕ್ಕೂ ರಕ್ತ ಬೇಕು. ನಾಳ ಕಿರಿದಾಗಿದ್ದರೆ ಕೂತಾಗ ಸಾಲುತ್ತದೆ, ದಿಬ್ಬ ಹತ್ತಿದಾಗ ಸಾಲುವುದಿಲ್ಲ. ನಿಂತರೆ ಬೇಡಿಕೆ ಇಳಿದು ಸಂಕಟವೂ ಇಳಿಯುತ್ತದೆ. ಅದೇ ದೂರ, ಅದೇ ಏರು, ಅಷ್ಟೇ ಹೊತ್ತು ಅಂತ ತಿಂಗಳುಗಟ್ಟಲೆ ಒಂದೇ ಲೆಕ್ಕದಲ್ಲಿ ಬಂದು ಹೋದರೆ ಅದನ್ನು "ಸ್ಟೇಬಲ್" ಅನ್ನುತ್ತಾರೆ. ಸ್ಟೇಬಲ್ ಅಂದರೆ ವಾಸಿಯಾಗಿದೆ ಅಂತಲ್ಲ, ಲೆಕ್ಕ ಬದಲಾಗಿಲ್ಲ ಅಂತ.

ಲೆಕ್ಕ ಬದಲಾದರೆ ಏನು ಅನ್ನುವುದಕ್ಕೆ ಈಗ ವಾಷಿಂಗ್ಟನ್ನಿಗೆ ಬನ್ನಿ.

1955ರ ಜುಲೈ 2, ಶನಿವಾರ. ಸೆನೆಟ್ಟಿನಲ್ಲಿ ಬಹುಮತದ ಪಕ್ಷದ ನಾಯಕರಾಗಿದ್ದ ಲಿಂಡನ್ ಜಾನ್ಸನ್ ವಾರಾಂತ್ಯ ಕಳೆಯಲು ವರ್ಜೀನಿಯಾದ ಮಿಡಲ್‌ಬರ್ಗ್ ಹತ್ತಿರ ಸ್ನೇಹಿತರೊಬ್ಬರ ಎಸ್ಟೇಟಿಗೆ ಕಾರಿನಲ್ಲಿ ಹೊರಟಿದ್ದರು. ವಯಸ್ಸು 46. ದಿನಕ್ಕೆ ಮೂರು ಪ್ಯಾಕ್ ಸಿಗರೇಟು. ದಾರಿಯಲ್ಲಿ ಎದೆ ಬಿಗಿಯಿತು. ಅಜೀರ್ಣ ಅಂದುಕೊಂಡರು. (ಅಮೆರಿಕದ ಗ್ಯಾಸ್ಟ್ರಿಕ್ಕು!) ಎಸ್ಟೇಟಿಗೆ ತಲುಪಿ ಕೂತರೂ ಹೋಗಲಿಲ್ಲ. ಅಲ್ಲಿದ್ದ ಇನ್ನೊಬ್ಬ ಸೆನೆಟರ್ ಕ್ಲಿಂಟನ್ ಆಂಡರ್ಸನ್ ಇದನ್ನು ನೋಡಿದರು. ಅವರಿಗೆ ಹಿಂದೆ ಒಮ್ಮೆ ಹೃದಯಾಘಾತ ಆಗಿತ್ತು, ಅದಕ್ಕೇ ಗುರುತು ಸಿಕ್ಕಿತು. ಇದು ಹಾರ್ಟ್ ಅಟ್ಯಾಕ್, ಡಾಕ್ಟರನ್ನು ಕರೆಸಿ ಅಂತ ಹಟ ಹಿಡಿದವರು ಅವರೇ. ಜಾನ್ಸನ್ ಅವರನ್ನು ಬೆಥೆಸ್ಡಾದ ನೌಕಾಪಡೆಯ ಆಸ್ಪತ್ರೆಗೆ ಸಾಗಿಸಿದರು. ತಲುಪಿದಾಗ ಪರಿಸ್ಥಿತಿ ಗಂಭೀರವಾಗಿತ್ತು. ಆಸ್ಪತ್ರೆಯಿಂದ ಹೊರಗೆ ಬಂದದ್ದು ಆಗಸ್ಟಿನಲ್ಲಿ.

ನಾನು ಹೊಸಬರಿಗೆ ಪಾಠ ಹೇಳುವಾಗ ಈ ಕಥೆಯನ್ನೇ ಹೇಳುವುದು. ಕೂತರೂ ಹೋಗದ್ದು ಅನ್ನುವ ಒಂದೇ ಸಂಗತಿ ಇಲ್ಲಿ ಮುಖ್ಯ. ಸ್ಟೇಬಲ್ ಆಂಜೈನಾ ಕೆಲವೇ ನಿಮಿಷದ್ದು. ವಿಶ್ರಾಂತಿಯಲ್ಲಿದ್ದಾಗಲೇ ಬಂದರೆ, ಇಪ್ಪತ್ತು ನಿಮಿಷ ಕಳೆದರೂ ಹೋಗದಿದ್ದರೆ, ಹೊಸದಾಗಿ ಶುರುವಾಗಿ ದಿನದಿನಕ್ಕೆ ಜಾಸ್ತಿಯಾದರೆ, ಮೊದಲು ದಿಬ್ಬದ ಮೇಲೆ ಬರುತ್ತಿದ್ದದ್ದು ಈಗ ಬಚ್ಚಲಿಗೆ ಹೋಗುವಾಗಲೂ ಬಂದರೆ, ಬೆವರು, ವಾಂತಿ, ಉಸಿರುಕಟ್ಟು ಜೊತೆಗಿದ್ದರೆ ಅದು ಸ್ಟೇಬಲ್ ಅಲ್ಲ. ನನಗೆ ಮೆಸೇಜ್ ಹಾಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಡಾಕ್ಟರು ಕೊಟ್ಟ ನಾಲಿಗೆಯಡಿಯ ಮಾತ್ರೆ ಇಟ್ಟುಕೊಂಡು ಐದು ನಿಮಿಷದಲ್ಲಿ ಇಳಿಯದಿದ್ದರೂ ಅಷ್ಟೇ.

ಡಿಕ್ ಚೇನಿ ಉಪಾಧ್ಯಕ್ಷರಾಗಿದ್ದಾಗಲೂ ಇಂಥದ್ದೇ ನಡೆಯಿತು. 2000ದ ನವೆಂಬರಿನಲ್ಲಿ ಅವರಿಗೆ ಸ್ಟೆಂಟ್ ಹಾಕಿದ್ದರು. 2001ರ ಮಾರ್ಚ್ ಮೊದಲ ವಾರದಲ್ಲಿ ಎದೆಯಲ್ಲಿ ಸಣ್ಣಗೆ ಏನೋ ಆಗಿ, ಎರಡು ಮೂರು ದಿನದಲ್ಲಿ ಮತ್ತೆ ಮತ್ತೆ ಬಂತು. ಜೋರು ನೋವೇನೂ ಅಲ್ಲ. ಹೊಸ ಲೆಕ್ಕ ಅನ್ನುವ ಕಾರಣಕ್ಕೇ ಅವರು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಸ್ಟೆಂಟ್ ಹಾಕಿದ ಜಾಗವೇ ಮತ್ತೆ ಕಿರಿದಾಗಿತ್ತು. ಸರಿ ಮಾಡಿ ಕಳಿಸಿದರು.

ಜಾನ್ಸನ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಥೆಸ್ಡಾದಲ್ಲಿ ಅವರನ್ನು ನೋಡಿಕೊಂಡ ಯುವ ವೈದ್ಯ ಜೆ. ವಿಲ್ಲಿಸ್ ಹರ್ಸ್ಟ್ ಆಗ ನೌಕಾಪಡೆಯ ಸೇವೆಯಲ್ಲಿದ್ದರು. ಆಮೇಲೆ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯಕ್ಕೆ ಹೋಗಿ 1957ರಿಂದ ಸುಮಾರು ಮೂವತ್ತು ವರ್ಷ ಅಲ್ಲಿನ ಮೆಡಿಸಿನ್ ವಿಭಾಗದ ಮುಖ್ಯಸ್ಥರಾಗಿದ್ದರು. ಜಾನ್ಸನ್ ಸಾಯುವವರೆಗೂ ಅವರ ಹೃದಯದ ಡಾಕ್ಟರು ಹರ್ಸ್ಟೇ. "ದಿ ಹಾರ್ಟ್" ಅನ್ನುವ ದಪ್ಪ ಪಠ್ಯಪುಸ್ತಕ 1966ರಲ್ಲಿ ಬಂದದ್ದು ಅವರ ಸಂಪಾದಕತ್ವದಲ್ಲಿ. ನರ್ಸುಗಳಿಗೆ ಇನ್ನೊಂದು ಕಾರಣಕ್ಕೆ ಅವರು ಪರಿಚಿತರಾಗಬೇಕು. ರೋಗಿಯ ಕೇಸ್ ಶೀಟನ್ನು ತೊಂದರೆಗಳ ಪಟ್ಟಿಯಾಗಿ ಬರೆಯಬೇಕು, ಪ್ರತಿಯೊಂದರಲ್ಲೂ ಮೊದಲು ರೋಗಿ ತನ್ನ ಬಾಯಲ್ಲಿ ಹೇಳಿದ್ದು ಇರಬೇಕು ಅನ್ನುವ ಲಾರೆನ್ಸ್ ವೀಡ್ ಅವರ ಪದ್ಧತಿಯನ್ನು ಹಿಡಿದು ಹಬ್ಬಿಸಿದವರಲ್ಲಿ ಹರ್ಸ್ಟ್ ದೊಡ್ಡವರು. ಇವತ್ತಿಗೂ ನಾವು ಬರೆಯುವುದು ಹಾಗೆಯೇ.

ಅಧ್ಯಕ್ಷಗಿರಿ ಮುಗಿಸಿದ ಮೇಲೆ ಜಾನ್ಸನ್ ಮತ್ತೆ ಸಿಗರೇಟು ಹಚ್ಚಿದರು. 1972ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಇನ್ನೊಂದು ಆಘಾತ. ಅಲ್ಲಿಂದಾಚೆ ಎದೆ ಹಿಡಿಯುವುದು ಹೆಚ್ಚುಕಡಿಮೆ ದಿನದ ಮಾತಾಯಿತು. ಅದೇ ಡಿಸೆಂಬರ್ 12ರಂದು ಆಸ್ಟಿನ್‌ನಲ್ಲಿ ಕರಿಯರ ನಾಗರಿಕ ಹಕ್ಕುಗಳ ಬಗ್ಗೆ ನಡೆದ ಸಭೆಯಲ್ಲಿ ಮಾತಾಡಲು ಹೋದಾಗಲೂ ನೈಟ್ರೋಗ್ಲಿಸರಿನ್ ಮಾತ್ರೆ ಬಾಯಿಗೆ ಹಾಕಿಕೊಂಡರು. 1973ರ ಜನವರಿ 22ರಂದು ತಮ್ಮ ಟೆಕ್ಸಸ್ಸಿನ ಮನೆಯಲ್ಲಿ ತೀರಿಕೊಂಡಾಗ 64 ವರ್ಷ. ಆ ಮಾತ್ರೆ ಹೊಸದೇನಲ್ಲ. ಬಂಡೆ ಸಿಡಿಸುವ ಅದೇ ನೈಟ್ರೋಗ್ಲಿಸರಿನ್ನನ್ನು ಚೂರೇ ಚೂರು ಕೊಟ್ಟರೆ ಎದೆಹಿಡಿತ ಇಳಿಯುತ್ತದೆ ಅಂತ ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲೇ ತೋರಿಸಿದ್ದರು. ಡೈನಮೈಟಿನ ಆಲ್ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ಡಾಕ್ಟರು ಅದನ್ನೇ ಬರೆದುಕೊಟ್ಟರಂತೆ! ನಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಾರ್ಬಿಟ್ರೇಟ್ ಅದರ ತಮ್ಮ.

ಈಗ ಡರ್ಹಮ್. ನನಗೆ ಈ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಊರು ಇದು. ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ಡಾಕ್ಟರು ಬಿಪಿ ರೋಗಿಗಳಿಗೆ ಬರೀ ಅನ್ನ, ಹಣ್ಣು, ಸಕ್ಕರೆ ಕೊಟ್ಟು, ಉಪ್ಪು ಪೂರ್ತಿ ಬಿಡಿಸಿ ಹೆಸರು ಮಾಡಿದ್ದರು ಅಂತ ಹೇಳಿದರೆ ನಮ್ಮ ಮುದ್ದೆ ಊರಿನವರು ನಗುತ್ತೀರಿ. ಅದು ಪಕ್ಕಕ್ಕಿರಲಿ. ಡ್ಯೂಕ್‌ನ ಯೂಜೀನ್ ಸ್ಟೆಡ್ ಎಂಬವರು 1940ರ ದಶಕದ ಮೊದಲಲ್ಲಿ ಅಟ್ಲಾಂಟಾದ ಎಮೊರಿಯಲ್ಲಿದ್ದು, 1947ರಲ್ಲಿ ಡರ್ಹಮ್‌ಗೆ ಬಂದವರು. ಒಬ್ಬ ಡಾಕ್ಟರು ಎಷ್ಟು ರೋಗಿಗಳನ್ನು ನೆನಪಿಟ್ಟುಕೊಳ್ಳಬಲ್ಲ? ಇವತ್ತು ಬಂದ ರೋಗಿಯಂಥವರೇ ಹಿಂದೆ ಬಂದಿದ್ದಾಗ ಅವರಿಗೆ ಏನಾಯಿತು ಅಂತ ತಿಳಿಯುವುದು ಹೇಗೆ? ಇದಕ್ಕೆ ಸ್ಟೆಡ್ 1969ರಲ್ಲಿ ಒಂದು ದಾರಿ ಹಿಡಿದರು. ಹೃದಯದ ತೊಂದರೆಯಿಂದ ಬಂದ ಪ್ರತಿಯೊಬ್ಬರ ವಿವರವನ್ನೂ ಕಂಪ್ಯೂಟರಿನಲ್ಲಿ ತುಂಬಿ, ವರ್ಷ ವರ್ಷ ವಿಚಾರಿಸಿ, ಬದುಕಿದ್ದಾರಾ, ಆಘಾತ ಆಯಿತಾ ಅಂತ ದಾಖಲು ಮಾಡುವುದು. 1969ರಲ್ಲಿ, ನೆನಪಿರಲಿ. ನಮ್ಮೂರಲ್ಲಿ ಆಗ ಫೋನೇ ಎರಡು ಮನೆಯಲ್ಲಿತ್ತು ಅಂತ ಅಪ್ಪ ಹೇಳುತ್ತಿದ್ದರು.

ಈ ದಾಖಲೆಯಿಂದ ಹೊರಬಂದದ್ದು ಒಂದೆರಡಲ್ಲ. ಡೇವಿಡ್ ಪ್ರಯರ್ ಮತ್ತು ಜೊತೆಯವರು 1983ರಲ್ಲಿ ಬರೆದ ಲೇಖನ, ಸಾದಾ ತಪಾಸಣೆಯಲ್ಲಿ ತಿಳಿದ ವಿಷಯಗಳಿಂದಲೇ ನಾಳ ಕಟ್ಟಿರುವ ಸಾಧ್ಯತೆ ಲೆಕ್ಕ ಹಾಕಬಹುದು ಅಂತ ತೋರಿಸಿತು. ವಯಸ್ಸು, ಹೆಣ್ಣೋ ಗಂಡೋ, ಸಿಗರೇಟು, ಸಕ್ಕರೆ ಕಾಯಿಲೆ ಎಲ್ಲ ಲೆಕ್ಕಕ್ಕೆ ಬರುತ್ತವೆ, ಆದರೆ ನೋವು ಯಾವ ಥರದ್ದು ಅನ್ನುವುದು ಮುಂದಿನ ಸಾಲಲ್ಲೇ ಇರುತ್ತದೆ. ನೀವು ಮಾಡಿಸುವ ಟಿಎಂಟಿ ಇದೆಯಲ್ಲ, ಓಡುವ ಪಟ್ಟಿ, ಅದಕ್ಕೂ ಡ್ಯೂಕ್ ಹೆಸರಿನ ಅಂಕ ಇದೆ. ಡೇನಿಯಲ್ ಮಾರ್ಕ್ ಮತ್ತು ಜೊತೆಯವರದ್ದು, 1987ರದ್ದು. ಎಷ್ಟು ನಿಮಿಷ ನಡೆದಿರಿ ಅನ್ನುವುದರಿಂದ ಇಸಿಜಿಯ ಬದಲಾವಣೆಗೆ ಇಷ್ಟು ಕಳೆ, ನಡೆಯುವಾಗ ಎದೆ ಹಿಡಿಯಿತಾ ಅನ್ನುವುದಕ್ಕೆ ಇಷ್ಟು ಕಳೆ. ಎದೆ ಹಿಡಿದು ನಿಲ್ಲಿಸಬೇಕಾಗಿ ಬಂದರೆ ಎಂಟು ಅಂಕ ಹೋಯಿತು. ಅಂದರೆ ಯಂತ್ರದ ಪರೀಕ್ಷೆಯೊಳಗೂ ನಿಮ್ಮ ಮಾತಿಗೆ ಅಂಕ ಇದೆ. ಆದ್ದರಿಂದ ಟಿಎಂಟಿಯಲ್ಲಿ ನಾಚಿಕೆಗೆ ಬಿದ್ದು "ಏನಿಲ್ಲ, ಏನಿಲ್ಲ" ಅನ್ನಬೇಡಿ. 1991ರಲ್ಲಿ ಅವರೇ ಹೊರರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಒಳ್ಳೆಯ ಅಂಕ ಬಂದವರಲ್ಲಿ ನಾಲ್ಕು ವರ್ಷದ ನಂತರ ಶೇ. 99 ಜನ ಬದುಕಿದ್ದರು, ಕೆಟ್ಟ ಅಂಕ ಬಂದವರಲ್ಲಿ ಶೇ. 79.

ಆ ಹೊತ್ತಿಗೆ ಲಾಸ್ ಏಂಜಲೀಸ್‌ನ ಜಾರ್ಜ್ ಡೈಮಂಡ್ ಎಂಬವರು ಹೆಬರ್ಡನ್ ಕಥೆಯನ್ನು ಮೂರು ಪ್ರಶ್ನೆಗೆ ಇಳಿಸಿದ್ದರು. ಇದನ್ನು ಬರೆದಿಟ್ಟುಕೊಳ್ಳಿ. ಎದೆಯ ನಡುಮೂಳೆಯ ಹಿಂದೆ ಹಿಸುಕಿದಂತೆ, ಭಾರ ಹೇರಿದಂತೆ ಆಗಿ ಕೆಲವು ನಿಮಿಷ ಇರುತ್ತದಾ? ಶ್ರಮಪಟ್ಟಾಗ ಅಥವಾ ಮನಸ್ಸು ಕದಡಿದಾಗ ಬರುತ್ತದಾ? ನಿಂತರೆ ಅಥವಾ ನೈಟ್ರೋಗ್ಲಿಸರಿನ್ ಇಟ್ಟರೆ ಇಳಿಯುತ್ತದಾ? ಮೂರಕ್ಕೂ ಹೌದು ಅಂದರೆ ಟಿಪಿಕಲ್, ಎರಡಕ್ಕೆ ಅಂದರೆ ಏಟಿಪಿಕಲ್, ಒಂದಕ್ಕೆ ಅಥವಾ ಯಾವುದಕ್ಕೂ ಇಲ್ಲ ಅಂದರೆ ಆಂಜೈನಾ ಅಲ್ಲದ್ದು. ಡೈಮಂಡ್ ಮತ್ತು ಫಾರೆಸ್ಟರ್ 1979ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಐವತ್ತರ ಹರೆಯದ ಗಂಡಸು ಮೂರಕ್ಕೂ ಹೌದು ಅಂದರೆ ನಾಳದ ಕಾಯಿಲೆ ಇರುವ ಸಾಧ್ಯತೆ ಶೇ. 92. ಮೂವತ್ತರ ಹರೆಯದ ಗಂಡಸಿನ ನೋವು ಮೂರನೇ ಗುಂಪಿನದ್ದಾದರೆ ಶೇ. 5ರಷ್ಟು. ಇವು ಈಗಿನ ಕಾಲಕ್ಕೆ ಹೆಚ್ಚೇ ಆದವು ಅಂತ ಆಮೇಲೆ ಗೊತ್ತಾಗಿ, ಪಟ್ಟಿಯನ್ನು ಇಳಿಸಿ ಬರೆದಿದ್ದಾರೆ. ಆದರೂ ಚಿಕ್ಕಪ್ಪನಿಗೂ ಸೋದರತ್ತೆ ಮೊಮ್ಮಗನಿಗೂ ಇರುವ ದೂರ ಅದರಲ್ಲಿ ಕಾಣುತ್ತದೆ. ನಮ್ಮವರ ವಿಷಯದಲ್ಲಿ ಒಂದು ಎಚ್ಚರ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿ, ಆಮೇಲೆ ಇಲ್ಲೇ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದ ಸಲೀಂ ಯೂಸುಫ್ ಅವರು ಕೆನಡಾಕ್ಕೆ ಹೋಗಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳದ್ದು. ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ ಸರಾಸರಿ 53ಕ್ಕೇ ಬರುತ್ತದೆ, ಬೇರೆಯವರಿಗೆ ಅದು 59ರ ಹತ್ತಿರ ಅಂತ ಅದರಿಂದ ತಿಳಿಯಿತು.

ನೋವು ಆಂಜೈನಾ ಅಂತ ಆದ ಮೇಲೆ ಎಷ್ಟು ಕೆಟ್ಟದ್ದು ಅಂತ ಅಳೆಯಬೇಕಲ್ಲ. ಅದಕ್ಕೆ ಕೆನಡಾದ ಲೂಸಿಯನ್ ಕ್ಯಾಂಪೋ 1976ರಲ್ಲಿ ಒಂದು ಪತ್ರಿಕೆಗೆ ಬರೆದ ಚಿಕ್ಕ ಪತ್ರವೇ ಇವತ್ತಿಗೂ ಆಧಾರ. ನಾಲ್ಕು ದರ್ಜೆ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಮನೆ, ತೋಟ, ಸಂತೆ ಎಲ್ಲ ಸಲೀಸು, ಶ್ರವಣಬೆಳಗೊಳದ ಬೆಟ್ಟದ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದರೆ ಮಾತ್ರ ಹಿಡಿಯುತ್ತದೆ ಅಂದರೆ ಮೊದಲನೇ ದರ್ಜೆ. ಬಿರುಸಾಗಿ ನಡೆದರೆ, ಏರು ಹತ್ತಿದರೆ, ಉಂಡು ನಡೆದರೆ, ಚಳಿಗಾಳಿಗೆ ಹೋದರೆ, ಸಿಟ್ಟು ಬಂದರೆ ಹಿಡಿಯುತ್ತದೆ ಅಂದರೆ ಎರಡನೇದು. ಸಮ ನೆಲದಲ್ಲಿ ಒಂದೆರಡು ಬೀದಿ ದಾಟುವಷ್ಟರಲ್ಲಿ, ಮಹಡಿಯ ಒಂದು ಸಾಲು ಮೆಟ್ಟಿಲು ಮಾಮೂಲಿ ವೇಗದಲ್ಲಿ ಹತ್ತುವಷ್ಟರಲ್ಲಿ ಹಿಡಿದರೆ ಮೂರನೇದು. ಏನು ಮಾಡಿದರೂ ಹಿಡಿಯುತ್ತದೆ, ಸುಮ್ಮನೆ ಕೂತರೂ ಬರಬಹುದು ಅಂದರೆ ನಾಲ್ಕನೇದು. ತೊಂದರೆ ಏನೆಂದರೆ ಜನ ಹತ್ತುವುದನ್ನೇ ಬಿಟ್ಟುಬಿಡುತ್ತಾರೆ. ದಿಬ್ಬದ ದಾರಿ ಬಿಟ್ಟು ಸುತ್ತಿ ಬರುತ್ತಾರೆ, ನೀರಿನ ಕೊಡ ಸೊಸೆಗೆ ಕೊಡುತ್ತಾರೆ, ಆಮೇಲೆ "ಈಗ ನೋವೇ ಇಲ್ಲ" ಅನ್ನುತ್ತಾರೆ. ಅದಕ್ಕೇ ಡ್ಯೂಕ್‌ನಲ್ಲಿ ಮಾರ್ಕ್ ಹ್ಲಾಟ್ಕಿ ಮತ್ತು ಇತರರು 1989ರಲ್ಲಿ ಹನ್ನೆರಡು ಪ್ರಶ್ನೆಗಳ ಪಟ್ಟಿ ಮಾಡಿದರು. ಪಾತ್ರೆ ತೊಳೆಯುತ್ತೀರಾ, ಮೆಟ್ಟಿಲು ಹತ್ತುತ್ತೀರಾ, ಅಂಗಳ ಗುಡಿಸುತ್ತೀರಾ ಅನ್ನುವಂಥ ಪ್ರಶ್ನೆಗಳು. ನಾನು ರೋಗಿಗಳಿಗೆ ಕೇಳುವುದು ಇದನ್ನೇ ತಿರುಗಿಸಿ: ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿರಿ?

ಇಲ್ಲಿವರೆಗೆ ಗುರುತಿಸುವ ಮಾತಾಯಿತು. ಸರಿ ಮಾಡುವ ಮಾತು ಬಂದಾಗ ಮತ್ತೆ ಅಟ್ಲಾಂಟಾಕ್ಕೆ ಹೋಗಬೇಕು. ಆಂಡ್ರಿಯಾಸ್ ಗ್ರುಯೆಂಟ್‌ಜಿಗ್ ಜರ್ಮನಿಯಲ್ಲಿ ಹುಟ್ಟಿದವರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದಾಗ ಮನೆಯ ಅಡುಗೆಮನೆ ಮೇಜಿನ ಮೇಲೆ ಹೆಂಡತಿ ಮತ್ತು ಸಹಾಯಕಿಯ ಜೊತೆ ಕೂತು ಬಲೂನಿನ ಕೊಳವೆ ತಯಾರಿಸಿದರು. 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬರ ಹೃದಯದ ನಾಳದಲ್ಲಿ ಅದನ್ನು ಊದಿಸಿ ದಾರಿ ಬಿಡಿಸಿದರು. ಪ್ರಪಂಚದಲ್ಲಿ ಅದೇ ಮೊದಲು. ಆ ರೋಗಿ 30 ವರ್ಷದ ನಂತರವೂ ಚೆನ್ನಾಗಿದ್ದರು. 1979ರಲ್ಲಿ ಗ್ರುಯೆಂಟ್‌ಜಿಗ್ ತಮ್ಮ ಮೊದಲ 50 ರೋಗಿಗಳ ಲೆಕ್ಕ ಪ್ರಕಟಿಸಿದಾಗ, 32 ಜನರಲ್ಲಿ ಮಾತ್ರ ಯಶಸ್ಸಾಗಿದೆ ಅಂತ ಬರೆದರು. ಮುಚ್ಚಿಡಲಿಲ್ಲ. 1980ರಲ್ಲಿ ಅವರು ಎಮೊರಿಗೆ ಬಂದರು, ಹರ್ಸ್ಟ್ ಮುಖ್ಯಸ್ಥರಾಗಿದ್ದ ಅದೇ ಎಮೊರಿ. ಅವರು ರೋಗಿಯ ಮೇಲೆ ಕೆಲಸ ಮಾಡುವುದನ್ನು ಬೇರೆ ಹಾಲಿನಲ್ಲಿ ಟಿವಿ ಪರದೆಯ ಮೇಲೆ ನೂರಾರು ಡಾಕ್ಟರುಗಳು ಕೂತು ನೋಡಿ ಕಲಿತರು. 1985ರ ಅಕ್ಟೋಬರ್ 27ರಂದು ಹೆಂಡತಿಯ ಜೊತೆ ತಾವೇ ವಿಮಾನ ಹಾರಿಸಿಕೊಂಡು ಅಟ್ಲಾಂಟಾಕ್ಕೆ ಮರಳುವಾಗ ಜಾರ್ಜಿಯಾದ ಫಾರ್ಸೈತ್ ಹತ್ತಿರ ವಿಮಾನ ಬಿದ್ದು ಇಬ್ಬರೂ ಹೋದರು. ಅವರಿಗೂ 46. ಅಟ್ಲಾಂಟಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ನರ್ಸೊಬ್ಬರು ಆ ದಿನದ ಮಾತು ಬಂದರೆ ಸುಮ್ಮನಾಗಿಬಿಡುತ್ತಿದ್ದರು.

ಬಲೂನಿನ ಹಿಂದೆ ಸ್ಟೆಂಟ್ ಬಂತು, ಮತ್ತು "ಕಿರಿದಾದ ಜಾಗ ಕಂಡರೆ ಬಿಡಿಸಿಬಿಡು" ಅನ್ನುವ ಬುದ್ಧಿಯೂ ಬಂತು. ಈ ಬುದ್ಧಿಗೆ ಮೊದಲ ಪೆಟ್ಟು ಬಿದ್ದದ್ದು ಕ್ಯಾರೊಲಿನಾದಿಂದಲೇ. ವಿನ್ಸ್ಟನ್-ಸೇಲಂನ ಬೌಮನ್ ಗ್ರೇ ವೈದ್ಯಕೀಯ ಶಾಲೆಯ ವಿಲಿಯಂ ಲಿಟಲ್ ಮತ್ತು ಜೊತೆಯವರು 1988ರಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಹೃದಯಾಘಾತಕ್ಕೆ ಮೊದಲೇ, ಬೇರೆ ಕಾರಣಕ್ಕೆ ಆಂಜಿಯೋಗ್ರಾಂ ಆಗಿದ್ದವರ ಹಳೆಯ ಚಿತ್ರ ಮತ್ತು ಆಘಾತದ ನಂತರದ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರು. ಹೊಸದಾಗಿ ನಾಳ ಮುಚ್ಚಿಹೋಗಿದ್ದ 29 ಜನರಲ್ಲಿ 19 ಜನರಿಗೆ, ಆ ನಾಳ ಹಿಂದಿನ ಚಿತ್ರದಲ್ಲಿ ಅರ್ಧದಷ್ಟೂ ಕಿರಿದಾಗಿರಲಿಲ್ಲ! ಅಂದರೆ ದಿಬ್ಬದ ಮೇಲೆ ಎದೆ ಹಿಡಿಸುವ ಗಟ್ಟಿ ಕಟ್ಟು ಬೇರೆ, ಒಂದು ದಿನ ಇದ್ದಕ್ಕಿದ್ದಂತೆ ಬಿರಿದು ರಕ್ತ ಹೆಪ್ಪುಗಟ್ಟಿಸುವ ಮೆತ್ತನೆಯ ಕೊಬ್ಬಿನ ಗುಳ್ಳೆ ಬೇರೆ ಇರಬಹುದು. ಮೊದಲನೇದಕ್ಕೆ ಸ್ಟೆಂಟ್ ಹಾಕಿದರೆ ಎರಡನೇದಕ್ಕೆ ಏನೂ ಆಗುವುದಿಲ್ಲ. ಎರಡನೇದನ್ನು ತಡೆಯುವುದು ಸ್ಟ್ಯಾಟಿನ್, ಆಸ್ಪಿರಿನ್, ಬಿಪಿ ಹತೋಟಿ, ಸಕ್ಕರೆ ಹತೋಟಿ, ಬೀಡಿ ಸಿಗರೇಟು ಬಿಡುವುದು.

ದೊಡ್ಡ ಪರೀಕ್ಷೆಗಳು ಆಮೇಲೆ ಇದನ್ನೇ ಹೇಳಿದವು. 2007ರ ಕರೇಜ್ ಪರೀಕ್ಷೆಯಲ್ಲಿ 2,287 ಜನ. ಬೆಥೆಸ್ಡಾದ ರಾಷ್ಟ್ರೀಯ ಹೃದಯ ಸಂಸ್ಥೆ ಹಣ ಕೊಟ್ಟ ಇಸ್ಕೀಮಿಯಾ ಪರೀಕ್ಷೆಯಲ್ಲಿ 37 ದೇಶಗಳ 5,179 ಜನ, ಫಲ ಪ್ರಕಟವಾದದ್ದು 2020ರಲ್ಲಿ. ಸ್ಟೇಬಲ್ ಇರುವವರಿಗೆ ಒಳ್ಳೆಯ ಔಷಧಿ ಕೊಟ್ಟು ಕಾಯುವುದಕ್ಕೂ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದಕ್ಕೂ ಸಾವು ಮತ್ತು ಆಘಾತದ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಪದೇಪದೇ ಎದೆ ಹಿಡಿಯುತ್ತಿದ್ದವರಿಗೆ ಮಾತ್ರ ಸ್ಟೆಂಟಿನಿಂದ ಆರಾಮ ಹೆಚ್ಚಾಯಿತು. ಆರಾಮವೂ ಸಣ್ಣದಲ್ಲ, ಆದರೆ ಅದು ಆಯುಷ್ಯ ಅಲ್ಲ. ಇದರಲ್ಲಿ ಎಡಗಡೆಯ ಮುಖ್ಯ ನಾಳ ಕಟ್ಟಿದವರನ್ನು ಸೇರಿಸಿರಲಿಲ್ಲ. ಅಂಥವರಿಗೆ ಮತ್ತು ಮೂರೂ ನಾಳ ಕಟ್ಟಿದವರಿಗೆ ಬೈಪಾಸ್‌ನಿಂದ ಆಯುಷ್ಯ ಹೆಚ್ಚುತ್ತದೆ ಅಂತ ಅದೇ ಸಲೀಂ ಯೂಸುಫ್ ಮತ್ತು ಇತರರು 1994ರಲ್ಲಿ ಏಳು ಪರೀಕ್ಷೆಗಳನ್ನು ಕೂಡಿಸಿ ತೋರಿಸಿದ್ದರು. ಹಾಗಾಗಿ ಒಳಗೆ ಏನಿದೆ ಅಂತ ಒಮ್ಮೆ ನೋಡಿಸಲೇಬೇಕು.

ಇಷ್ಟುದ್ದ ಬರೆದದ್ದಕ್ಕೆ ಕಾರಣ ಈಗ ಹೇಳುತ್ತೇನೆ. ಚಿಕ್ಕಮ್ಮನ ಕಾಟ ತಡೆಯಲಾರದೆ ಚಿಕ್ಕಪ್ಪ ಕೊನೆಗೂ ಹೋಗಿ ತೋರಿಸಿದರು. ಟಿಎಂಟಿ ಆಯಿತು, ಸಿಟಿ ಆಂಜಿಯೋಗ್ರಾಂ ಆಯಿತು. ಒಂದು ನಾಳ ಕಿರಿದಾಗಿದೆ, ಮುಖ್ಯ ನಾಳ ಚೆನ್ನಾಗಿದೆ, ದರ್ಜೆ ಎರಡು. ಡಾಕ್ಟರು ನಾಲ್ಕು ಥರದ ಮಾತ್ರೆ ಕೊಟ್ಟು, ನಡೆಯಲು ಹೇಳಿ, ಆರು ವಾರ ಬಿಟ್ಟು ಬನ್ನಿ ಅಂದರು. ಫ್ಯಾಮಿಲಿ ಗ್ರೂಪಿನಲ್ಲಿ ಗಲಾಟೆ ಶುರುವಾಯಿತು. "ಬ್ಲಾಕ್ ಇಟ್ಟುಕೊಂಡು ಮನೆಗೆ ಕಳಿಸಿದ್ದಾರೆ, ಅಪ್ಪನಿಗೆ ಏನಾದರೂ ಆದರೆ ಯಾರು ಜವಾಬ್ದಾರಿ, ತೋಟ ಅಡ ಇಟ್ಟಾದರೂ ಬೆಂಗಳೂರಲ್ಲಿ ಸ್ಟೆಂಟ್ ಹಾಕಿಸ್ತೀನಿ" ಅಂತ ತಮ್ಮ. ಅವನ ಭಯ ನನಗೆ ಅರ್ಥವಾಗುತ್ತದೆ ಕಣೋ. ಆದರೆ ನಿಮ್ಮಪ್ಪನನ್ನು ಮನೆಗೆ ಕಳಿಸಿದ ಡಾಕ್ಟರು ಉದಾಸೀನ ಮಾಡಿದ್ದಲ್ಲ. ಆ ಸಲಹೆಯ ಹಿಂದೆ ಡರ್ಹಮ್‌ನ ದಾಖಲೆ, ವಿನ್ಸ್ಟನ್-ಸೇಲಂನ ಚಿತ್ರಗಳು, ಐದು ಸಾವಿರ ರೋಗಿಗಳು ಇದ್ದಾರೆ. ಮಾತ್ರೆ ತಪ್ಪಿಸದಂತೆ ನೋಡಿಕೋ. ಮಾತ್ರೆ ತಗೊಂಡೂ ದಿಬ್ಬದಲ್ಲಿ ಹಿಡಿಯುತ್ತಲೇ ಇದ್ದರೆ ಆಗ ಸ್ಟೆಂಟಿನ ಮಾತು ಡಾಕ್ಟರೇ ಎತ್ತುತ್ತಾರೆ. ಹಲಸಿನ ಮರದ ಕೆಳಗೆ ನಿಲ್ಲುವುದು ದಿನಕ್ಕೆ ಎಷ್ಟು ಸಲ ಅಂತ ಕ್ಯಾಲೆಂಡರಿನಲ್ಲಿ ಗೀಟು ಹಾಕಿಡಲು ಚಿಕ್ಕಮ್ಮನಿಗೆ ಹೇಳಿದ್ದೇನೆ. ಹೆಬರ್ಡನ್ ಕೂಡ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ, ದಿನಾ ಅರ್ಧ ಗಂಟೆ ಸೌದೆ ಕೊಯ್ದು ಹೆಚ್ಚುಕಡಿಮೆ ವಾಸಿಯಾದವನು ಅಂತ. ಡಾಕ್ಟರು ಒಪ್ಪಿದ ಮೇಲೆ ಮಾತ್ರ, ಚಿಕ್ಕಪ್ಪ. ಈಗಲೇ ಕೊಡಲಿ ಹಿಡಿಯಬೇಡಿ.

ಕೊನೆಗೆ ಹೆಂಗಸರ ವಿಷಯ. ಹೆಬರ್ಡನ್ ಕಂಡ ರೋಗಿಗಳಲ್ಲಿ ಬಹುತೇಕ ಎಲ್ಲರೂ ಗಂಡಸರು. ಅವರು ಬರೆದ ಕಥೆಯೇ "ಟಿಪಿಕಲ್" ಆಯಿತು. ಸುಸ್ತು, ಉಸಿರುಕಟ್ಟು, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಅಂತ ಹೇಳಿಕೊಂಡು ಬಂದ ಹೆಂಗಸು "ಏಟಿಪಿಕಲ್" ಆದಳು. ಆ ಪದ ಕೇಸ್ ಶೀಟಿಗೆ ಬಿದ್ದರೆ ಓದುವವರಿಗೆ "ಹೃದಯದ್ದಲ್ಲ, ಚಿಂತೆ ಬೇಡ" ಅಂತಲೇ ಕೇಳಿಸುತ್ತಿತ್ತು. ಆಂಜಿಯೋಗ್ರಾಂನಲ್ಲಿ ದೊಡ್ಡ ನಾಳ ಚೊಕ್ಕಟವಾಗಿ ಕಂಡರೆ ಮುಗಿದೇ ಹೋಯಿತು, ಟೆನ್ಷನ್ ಅಂತ ಹೇಳಿ ಕಳಿಸುತ್ತಿದ್ದರು. ಬೆಥೆಸ್ಡಾದಲ್ಲಿ ರಿಚರ್ಡ್ ಕ್ಯಾನನ್ ಮತ್ತು ಸ್ಟೀಫನ್ ಎಪ್‌ಸ್ಟೈನ್ ಇಂಥ ರೋಗಿಗಳನ್ನು ಬಿಡದೆ ಪರೀಕ್ಷಿಸಿ, ಚಿತ್ರದಲ್ಲಿ ಕಾಣದ ಸಣ್ಣ ನಾಳಗಳು ಸರಿಯಾಗಿ ಹಿಗ್ಗದಿದ್ದರೂ ಎದೆ ಹಿಡಿಯುತ್ತದೆ ಅಂತ ಹೇಳಿ, 1988ರಲ್ಲಿ ಅದಕ್ಕೆ ಮೈಕ್ರೋವ್ಯಾಸ್ಕುಲರ್ ಆಂಜೈನಾ ಅಂತ ಹೆಸರಿಟ್ಟರು.

ಪದ ಹೋಗಲು ಇನ್ನೂ 33 ವರ್ಷ ಬೇಕಾಯಿತು. 2021ರ ಅಕ್ಟೋಬರಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ ಎದೆನೋವಿಗೆಂದೇ ಹೊರಡಿಸಿದ ಮಾರ್ಗಸೂಚಿ, ಏಟಿಪಿಕಲ್ ಅನ್ನುವುದನ್ನು ಬಿಡಿ ಅಂತ ಹೇಳಿತು. ಹೃದಯದ್ದು, ಹೃದಯದ್ದಿರಬಹುದು, ಹೃದಯದ್ದಲ್ಲ, ಈ ಮೂರರಲ್ಲಿ ಒಂದು ಬರೆಯಿರಿ ಅಂದಿತು. ನಮ್ಮ ವಾರ್ಡಿನ ಕಂಪ್ಯೂಟರಿನಲ್ಲೂ ಈಗ ಆ ಮೂರೇ ಇವೆ. ಮೊನ್ನೆ ರಾತ್ರಿ ಪಾಳಿಯಲ್ಲಿ ಬಂದ ತೆಲುಗಿನ ಅಜ್ಜಿ, ಮಗನ ಮನೆಗೆ ಬಂದವರು, "ನೊಪ್ಪಿ ಲೇದು" ಅಂತ ನಾಲ್ಕು ಸಲ ಹೇಳಿದರು. ನೋವಿಲ್ಲ, ಮಹಡಿ ಹತ್ತಿದರೆ ಆಯಾಸ, ಕೂತರೆ ಸರಿಹೋಗುತ್ತೆ, ಮೂರು ತಿಂಗಳಿಂದ ಹೀಗೇ. ನಾನು ಬರೆದದ್ದು ಎರಡನೇದು, ಹೃದಯದ್ದಿರಬಹುದು. ಬೆಳಿಗ್ಗೆ ಡಾಕ್ಟರು ಅದನ್ನು ಓದಿ ಪರೀಕ್ಷೆಗೆ ಬರೆದರು.

ಮುಂದಿನ ಭಾಗದಲ್ಲಿ ಸ್ಟ್ಯಾಟಿನ್ ಮಾತ್ರೆ. ಅದರಿಂದ ಕಾಲುನೋವು ಬರುತ್ತದೆ ಅಂತ ನಿಲ್ಲಿಸಿರುವ ದೊಡ್ಡಮ್ಮನವರು ಅಲ್ಲಿವರೆಗೆ ದಯವಿಟ್ಟು ತಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.